ಅಪೇಕ್ಷಣೀಯವಂತೆ! ಯಾರಿಗೆ?

ಬರುವ ವಾರ್ಷಿಕ ಮಹಾಸಭೆಯಲ್ಲಿ ನಮ್ಮ ಸಂಘದ ನಿಯಮಾವಳಿಗೆ ಕೆಲವು ತಿದ್ದುಪಡಿಗಳು ಮಂಡನೆಯಾಗಲಿವೆ. ಸದಸ್ಯರಿಗೆಲ್ಲ ಅದರ ಪ್ರತಿ ತಲುಪಿದೆ. ಹನ್ನೊಂದು ಪುಟಗಳ ಆ ಕಾಗದವನ್ನು ಕೊನೆಯವರೆಗೆ ಓದಿದವರು ಎಷ್ಟು ಮಂದಿಯೋ ತಿಳಿಯದು. ನಾನು ಓದಿದೆ, ನಿವೃತ್ತನಿಗೆ ಬೇರೇನು ಕೆಲಸ? ಏಳನೆಯ ಪುಟದಲ್ಲಿ ಒಂದೇ ಒಂದು ಶಬ್ದ ಹೋಗಿ ಆ ಜಾಗಕ್ಕೆ ಇನ್ನೊಂದು ಬಂದಿದೆ. 'ಕಾರ್ಯಕಾರಿ ಸಮಿತಿಯ ಸದಸ್ಯರಿಗೆ ಕನ್ನಡ ಓದು ಬರಹ ತಿಳಿದಿರುವುದು ಅವಶ್ಯಕ' ಎಂದು ಇದ್ದದ್ದು ಇನ್ನು ಮುಂದೆ 'ಅಪೇಕ್ಷಣೀಯ' ಎಂದಾಗಲಿದೆ. ಪಕ್ಕದಲ್ಲೇ ಇಂಗ್ಲಿಷ್ ಕರಡೂ ಇದೆ. ಅಲ್ಲಿ 'ಎಸೆನ್ಶಿಯಲ್' ಎಂಬುದನ್ನು ಹೊಡೆದುಹಾಕಿ 'ಡಿಸೈರಬಲ್' ಎಂದು ಬರೆದಿದ್ದಾರೆ. ಕರಡು ಮೊದಲು ಇಂಗ್ಲಿಷಿನಲ್ಲಿ ಹುಟ್ಟಿ ಆಮೇಲೆ ಕನ್ನಡಕ್ಕೆ ಬಂತೆಂಬುದು ಯಾರು ನೋಡಿದರೂ ಗೊತ್ತಾಗುವಂತಿದೆ. ಅದನ್ನೇನೂ ದೊಡ್ಡ ಅಪರಾಧವೆಂದು ನಾನು ಹೇಳುತ್ತಿಲ್ಲ. ನನ್ನ ಜಗಳ ಆ ಒಂದು ಶಬ್ದದ ಮೇಲೆ.

'ಒಂದು ಶಬ್ದಕ್ಕೆ ಇಷ್ಟು ರಂಪವೇ ಮಾರಾಯರೆ?' ಎಂದು ಸಮಿತಿಯ ಹಿರಿಯರೊಬ್ಬರು ಲೋಕಲ್ ಗಾಡಿಯಲ್ಲಿ ಸಿಕ್ಕಾಗ ಕೇಳಿದರು. ದಾದರಿನಲ್ಲಿ ಅವರು ಇಳಿಯಬೇಕಾಗಿದ್ದುದರಿಂದ ಅಲ್ಲಿ ಉತ್ತರ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

'ಡಿಸೈರಬಲ್' ಎಂಬ ಈ ವಿಶೇಷಣದ ಪರಿಚಯ ನನಗೆ ಶಬ್ದಕೋಶದಿಂದ ಆದದ್ದಲ್ಲ. 1977ರಲ್ಲಿ ನಾನು ಮಾಟುಂಗದಲ್ಲಿ ಸೋದರಮಾವನ ಹೊಟೇಲಿನ ಗಲ್ಲೆಯಲ್ಲಿ ಕುಳಿತು, ಸಂಜೆ ಕಾಲೇಜು ಮುಗಿಸಿ, ಸಿಕ್ಕ ಸಿಕ್ಕ ಜಾಹೀರಾತಿಗೆಲ್ಲ ಅರ್ಜಿ ಹಾಕುತ್ತಿದ್ದ ಕಾಲ. ಒಂದು ಕಚೇರಿಯವರು ಗುಮಾಸ್ತರು ಬೇಕೆಂದು ಪ್ರಕಟಿಸಿದ್ದರು. ಪದವಿ ಮತ್ತು ಟೈಪಿಂಗ್ 'ಎಸೆನ್ಶಿಯಲ್', ಶೀಘ್ರಲಿಪಿ 'ಡಿಸೈರಬಲ್'. ಮೊದಲನೆಯ ಎರಡೂ ನನ್ನಲ್ಲಿದ್ದವು. ಮೂರನೆಯದು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆದೀತು ಎಂದು ಅರ್ಥ ಮಾಡಿಕೊಂಡು ನಿಶ್ಚಿಂತೆಯಿಂದ ಅರ್ಜಿ ಹಾಕಿದೆ. ಸಂದರ್ಶನದ ಕರೆಯೇ ಬರಲಿಲ್ಲ. ಆ ಕಚೇರಿಯ ಹೆಡ್ ಕ್ಲಾರ್ಕು ನಮ್ಮ ಹೊಟೇಲಿನ ಕಾಯಂ ಗಿರಾಕಿ. ಒಂದು ದಿನ ಬಿಲ್ಲು ಕೊಡುವಾಗ ಕೇಳಿಯೇಬಿಟ್ಟೆ. ಅವರು ನಕ್ಕು ಹೇಳಿದ ಮಾತು ಇಂದಿಗೂ ನನಗೆ ನೆನಪಿದೆ: 'ಅರೆ ಬಾಬಾ, ನೂರು ಅರ್ಜಿ ಬಂದರೆ ಅದು ಡಿಸೈರಬಲ್. ಎರಡು ಸಾವಿರ ಬಂದರೆ ಅದೇ ಎಸೆನ್ಶಿಯಲ್.'

ಇದು ಆ ಮನುಷ್ಯನ ಚಮತ್ಕಾರದ ಮಾತಲ್ಲ, ಆಡಳಿತದ ವ್ಯವಹಾರವೇ ಹಾಗಿದೆ. ಕೇಂದ್ರ ಲೋಕಸೇವಾ ಆಯೋಗದ ನೇಮಕಾತಿ ಪ್ರಕಟಣೆಗಳನ್ನು ಗಮನವಿಟ್ಟು ಓದಿದವರಿಗೆ ತಿಳಿದಿರುತ್ತದೆ. ಅರ್ಹತೆಗಳನ್ನು ಅವಶ್ಯಕ, ಅಪೇಕ್ಷಣೀಯ ಎಂದು ಎರಡು ಭಾಗ ಮಾಡಿರುತ್ತಾರೆ. ಕೆಳಗೆ, ಸಣ್ಣ ಅಕ್ಷರದ ಸೂಚನೆಗಳಲ್ಲಿ, ಅರ್ಜಿಗಳು ಬಹಳವಾದರೆ ಅಪೇಕ್ಷಣೀಯ ಅರ್ಹತೆಯನ್ನೇ ಜರಡಿಯಾಗಿ ಬಳಸಲು ಆಯೋಗಕ್ಕೆ ಅವಕಾಶವಿದೆಯೆಂದು ತಿಳಿಸಿರುತ್ತಾರೆ. ಅದರಲ್ಲಿ ಮೋಸವಿಲ್ಲ, ಹೇಳಿಯೇ ಮಾಡುತ್ತಾರೆ. ಆದರೆ ಶಬ್ದದ ಸ್ವಭಾವವನ್ನು ನೋಡಿರಿ. ಅದರ ಅರ್ಥ ಅದರೊಳಗಿಲ್ಲ, ಬಾಗಿಲ ಹೊರಗೆ ನಿಂತ ಜನಜಂಗುಳಿಯಲ್ಲಿದೆ. ಜನ ಹೆಚ್ಚಾದರೆ ಅದು ಗೋಡೆ. ಜನ ಕಡಿಮೆಯಾದರೆ ಅದು ಏನೂ ಅಲ್ಲ.

ಈಗ ನಮ್ಮ ಸಮಿತಿಗೆ ಬನ್ನಿ. ಹನ್ನೊಂದು ಸ್ಥಾನಗಳಿಗೆ ಹನ್ನೊಂದು ನಾಮಪತ್ರಗಳನ್ನು ಹೊಂದಿಸಲು ಕಾರ್ಯದರ್ಶಿಗಳು ಮನೆಮನೆಗೆ ಫೋನು ಮಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಇಂಥಲ್ಲಿ 'ಅಪೇಕ್ಷಣೀಯ'ಕ್ಕೆ ಜರಡಿಯಾಗುವ ಯೋಗ ಎಂದೂ ಬರುವುದಿಲ್ಲ. ಹೆಡ್ ಕ್ಲಾರ್ಕರ ಸೂತ್ರದ ಪ್ರಕಾರ ಇಲ್ಲಿ ಅದರ ಬೆಲೆ ಸೊನ್ನೆ. ಹಾಗಿದ್ದ ಮೇಲೆ 'ಕನ್ನಡ ಓದು ಬರಹ ಬೇಕಾಗಿಲ್ಲ' ಎಂದೇ ಬರೆಯಬಹುದಿತ್ತು. ಬರೆಯಲಿಲ್ಲ, ಏಕೆಂದರೆ ಹಾಗೆ ಬರೆದ ಸಂಘಕ್ಕೆ ತಾನು ಕನ್ನಡ ಸಂಘವೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆ ನಾಚಿಕೆಯನ್ನು ಮುಚ್ಚಲು ಒಂದು ಶಾಲು ಬೇಕಿತ್ತು. ಇಂಗ್ಲಿಷಿನ ಪೆಟ್ಟಿಗೆಯಲ್ಲಿ ಅದು ಸಿಕ್ಕಿತು.

ಈ ಶಬ್ದ ಇಂಗ್ಲಿಷಿನವರಿಗೇ ಒಮ್ಮೆ ದೊಡ್ಡ ತಂಟೆ ತಂದಿತ್ತು. ಜಾನ್ ಸ್ಟುವರ್ಟ್ ಮಿಲ್ ಎಂಬ ತತ್ತ್ವಜ್ಞನ ಹೆಸರನ್ನು ಓದುಗರಲ್ಲಿ ಹಲವರು ಕಾಲೇಜಿನಲ್ಲಿ ಕೇಳಿರಬಹುದು. 1823ರಿಂದ 1858ರವರೆಗೆ, ಮೂವತ್ತೈದು ವರ್ಷ, ಅವನು ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ನೌಕರನಾಗಿದ್ದ. ನಮ್ಮ ದೇಶಕ್ಕೆ ಬರುವ ಪತ್ರಗಳ ಕರಡು ಬರೆಯುವುದು ಅವನ ಕೆಲಸವಾಗಿತ್ತು. ಒಂದರ್ಥದಲ್ಲಿ ನನ್ನಂತೆಯೇ ಗುಮಾಸ್ತ ಎನ್ನಿ! ಅವನ 'ಯುಟಿಲಿಟೇರಿಯನಿಸಂ' 1861ರಲ್ಲಿ ಪತ್ರಿಕೆಯೊಂದರಲ್ಲಿ ಬಂದು 1863ರಲ್ಲಿ ಪುಸ್ತಕವಾಯಿತು. ಅದರಲ್ಲಿ ಅವನು ಹೂಡಿದ ವಾದ ಸುಮಾರಾಗಿ ಹೀಗೆ: ಒಂದು ವಸ್ತು ಕಣ್ಣಿಗೆ ಕಾಣುವಂಥದು ಎಂಬುದಕ್ಕೆ ಜನ ಅದನ್ನು ಕಾಣುತ್ತಾರೆಂಬುದೇ ಸಾಕ್ಷಿ, ಕಿವಿಗೆ ಕೇಳುವಂಥದು ಎಂಬುದಕ್ಕೆ ಜನ ಕೇಳುತ್ತಾರೆಂಬುದೇ ಸಾಕ್ಷಿ, ಅಂತೆಯೇ ಒಂದು ವಸ್ತು 'ಡಿಸೈರಬಲ್' ಎಂಬುದಕ್ಕೆ ಜನ ಅದನ್ನು ಬಯಸುತ್ತಾರೆ ಎಂಬುದೊಂದೇ ಸಾಕ್ಷಿ.

1903ರಲ್ಲಿ ಕೇಂಬ್ರಿಜಿನ ಜಿ.ಇ. ಮೂರ್ ತನ್ನ 'ಪ್ರಿನ್ಸಿಪಿಯಾ ಎಥಿಕಾ'ದಲ್ಲಿ ಈ ವಾದವನ್ನು ಹಿಡಿದುಹಾಕಿದ. ಕಾಣುವಂಥದು ಎಂದರೆ ಕಾಣಲು ಸಾಧ್ಯವಾದದ್ದು, ಸರಿ. ಆದರೆ 'ಡಿಸೈರಬಲ್' ಎಂದರೆ ಬಯಸಲು ಸಾಧ್ಯವಾದದ್ದು ಎಂದಲ್ಲ. ಬಯಸಲು ಯೋಗ್ಯವಾದದ್ದು, ಬಯಸತಕ್ಕದ್ದು ಎಂದರ್ಥ. 'ಡಿಟೆಸ್ಟಬಲ್' ಎಂದರೆ ದ್ವೇಷಿಸಲು ಸಾಧ್ಯವಾದದ್ದೇ? ದ್ವೇಷಕ್ಕೆ ಪಾತ್ರವಾದದ್ದು ತಾನೆ? ಜನ ಕೆಟ್ಟದ್ದನ್ನೂ ಬಯಸುತ್ತಾರೆ. ಬಯಸಿದ ಮಾತ್ರಕ್ಕೆ ಅದು ಯೋಗ್ಯವಾದೀತೆ? ಮಿಲ್ಲನ ಪಕ್ಷ ವಹಿಸುವ ಪಂಡಿತರೂ ಇದ್ದಾರೆ. ಅವನು ಆಡಿದ್ದು ಸಾಕ್ಷ್ಯದ ಮಾತು ಮಾತ್ರ, ವ್ಯಾಖ್ಯೆಯಲ್ಲ ಎಂದು ಅವರು ಹೇಳುತ್ತಾರೆ. ಆ ಜಗಳ ಅವರಿಗಿರಲಿ.

ನನಗೆ ಬೇಕಾದದ್ದು ಇಷ್ಟೆ: ಮಿಲ್ ಎಡವಿದನೋ ಇಲ್ಲವೋ, ನಾವಂತೂ ಅದೇ ಕಲ್ಲಿಗೆ ದಿನವೂ ಎಡವುತ್ತಿದ್ದೇವೆ. ನಮ್ಮ ಸೊಸೈಟಿಯ ಯಾವ ಕಟ್ಟಡದ ಮೆಟ್ಟಿಲ ಬಳಿ ನಿಂತು ಕೇಳಿರಿ: 'ಮಗುವನ್ನು ಆ ಶಾಲೆಗೇ ಏಕೆ ಹಾಕಿದಿರಿ?' 'ಎಲ್ಲರೂ ಅಲ್ಲಿಗೇ ಹಾಕುತ್ತಾರಲ್ಲ!' ಎಲ್ಲರೂ ಬಯಸುತ್ತಾರೆ, ಆದ್ದರಿಂದ ಅದು ಬಯಸತಕ್ಕದ್ದು. ವಧೂವರರ ಅಂಕಣದಲ್ಲೂ ಇದೇ. 'ಬೆಳ್ಳಗಿನ ಮೈಬಣ್ಣ ಅಪೇಕ್ಷಣೀಯ' ಎಂದು ಅಚ್ಚು ಹಾಕಿಸುವವರಿಗೆ, ಇದನ್ನು ಅಪೇಕ್ಷಿಸುವವರು ತಾವು, ಬಣ್ಣದಲ್ಲೇನೂ ಯೋಗ್ಯತೆಯಿಲ್ಲ ಎಂದು ಹೊಳೆಯುವುದೇ ಇಲ್ಲ. ಆಸೆ ತಮ್ಮದು, ಗುಣ ವಸ್ತುವಿನದು! ಈ ಶಬ್ದದ ಕೈಚಳಕವೇ ಅದು.

ಕನ್ನಡದಲ್ಲಿ ಇಂಥ ಕೈಚಳಕ ಕಷ್ಟ. 'ಬೇಕು' ಎಂದಿರೋ, 'ಯಾರಿಗೆ?' ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. 'ನನಗೆ ಬೇಕು', 'ಮಗುವಿಗೆ ಬೇಕು', 'ಸಂಘಕ್ಕೆ ಬೇಕು'. ಚತುರ್ಥೀ ವಿಭಕ್ತಿಯಿಲ್ಲದೆ ಬೇಕು ನಿಲ್ಲದು. ಇನ್ನೂ ಒಂದು ಸೊಗಸಿದೆ. 'ನನಗೆ ನೀರು ಬೇಕು' ಎಂಬಲ್ಲಿ ಅದು ಆಸೆ. 'ನಾನು ಹೋಗಬೇಕು' ಎಂಬಲ್ಲಿ ಅದೇ ಕರ್ತವ್ಯ. ಆಸೆಗೂ ಹೊಣೆಗೂ ನಮ್ಮವರು ಒಂದೇ ಮಾತನ್ನು ಇಟ್ಟರು. ಆಸೆಪಟ್ಟು ಹೊಣೆಯಿಂದ ಜಾರಿಕೊಳ್ಳುವವರಿಗೆ ಈ ಭಾಷೆ ಹೆಚ್ಚು ಆಸ್ಪದ ಕೊಡುವುದಿಲ್ಲ. ಸಾಧ್ಯತೆಗೆ 'ಬಹುದು' ಇದೆ, ಕಟ್ಟಳೆಗೆ 'ತಕ್ಕದ್ದು' ಇದೆ. ಕಾನೂನಿನ ಕನ್ನಡದಲ್ಲಿ 'ಮಾಡಬಹುದು' ಎಂದರೆ ಒಂದು, 'ಮಾಡತಕ್ಕದ್ದು' ಎಂದರೆ ಇನ್ನೊಂದು. ಪಂಚಾಯತಿಯ ಜವಾನನಿಗೂ ಅದರ ಭೇದ ಗೊತ್ತು. 'ಡಿಸೈರಬಲ್' ಈ ಎರಡರ ನಡುವಿನ ಬೇಲಿಯ ಮೇಲೆ ಕುಳಿತಿದೆ.

'ಅಪೇಕ್ಷಣೀಯ' ಎಂಬುದು ನಮ್ಮದೇ ಶಬ್ದವಲ್ಲವೆ ಎನ್ನುವಿರಾ? ನಮ್ಮದೇ. ಆದರೆ ಅದರ ಕುಲವನ್ನು ಸ್ವಲ್ಪ ವಿಚಾರಿಸಿರಿ. ಸಂಸ್ಕೃತ ವ್ಯಾಕರಣದಲ್ಲಿ ತವ್ಯ, ಅನೀಯ ಎಂಬ ಪ್ರತ್ಯಯಗಳನ್ನು ಪಾಣಿನಿ ಒಂದೇ ಸೂತ್ರದಲ್ಲಿ ಹೇಳಿದ್ದಾನೆ. ತವ್ಯದಿಂದ 'ಕರ್ತವ್ಯ' ಆಗುತ್ತದೆ, ಅನೀಯದಿಂದ 'ಪೂಜನೀಯ', 'ಸ್ಮರಣೀಯ', 'ಖಂಡನೀಯ'. ಪೂಜನೀಯರು ಎಂದರೆ ಪೂಜಿಸಿದರೂ ಆಯಿತು ಬಿಟ್ಟರೂ ಆಯಿತು ಎನ್ನುವಂಥವರೇ? ಖಂಡನೀಯ ಕೃತ್ಯ ಎಂದರೆ ಪುರಸೊತ್ತಿದ್ದರೆ ಖಂಡಿಸಬಹುದಾದದ್ದೇ? ಅಲ್ಲ. ಹಾಗಾದರೆ 'ಅಪೇಕ್ಷಣೀಯ' ಎಂಬುದು 'ಕರ್ತವ್ಯ'ದ ಒಡಹುಟ್ಟು. ಅದಕ್ಕೆ ಬೆನ್ನುಮೂಳೆಯಿತ್ತು. ಇಂಗ್ಲಿಷಿನ ಕಚೇರಿಯಲ್ಲಿ ಭಾಷಾಂತರದ ಚಾಕರಿಗೆ ಹೋಗಿ ಅದು ಬಾಗಿಹೋಯಿತು. ಅದರ ಮೇಲೆ ನನಗೆ ಸಿಟ್ಟಿಲ್ಲ, ಕನಿಕರವಿದೆ.

ಇನ್ನು ಇದರ ವಿರುದ್ಧಪದದ ಕಥೆಯೊಂದನ್ನು ಹೇಳದೆ ಇರಲಾರೆ, ನಾವೆಲ್ಲ ವಲಸೆ ಬಂದವರಾದ್ದರಿಂದ. 1905ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಪರದೇಶೀಯರ ಕಾಯಿದೆಯನ್ನು ಮಾಡಿತು. ಪೂರ್ವ ಯುರೋಪಿನಿಂದ ಓಡಿಬರುತ್ತಿದ್ದ ಬಡ ಯೆಹೂದಿಗಳನ್ನು ತಡೆಯುವುದು ಅದರ ಮುಖ್ಯ ಉದ್ದೇಶ. ಅದರಲ್ಲಿ 'ಅನ್‌ಡಿಸೈರಬಲ್' ವಲಸೆಗಾರ ಯಾರೆಂದು ವಿವರಿಸಲಾಗಿದೆ. ತನ್ನನ್ನೂ ತನ್ನವರನ್ನೂ ಸಾಕುವಷ್ಟು ಅನುಕೂಲ ತನಗಿದೆಯೆಂದು ತೋರಿಸಲಾರದವನು ಅಂಥವರಲ್ಲಿ ಒಬ್ಬ. ಇನ್ನೂ ಸೋಜಿಗವೆಂದರೆ, ಹಡಗಿನಲ್ಲಿ ಅಗ್ಗದ ದರ್ಜೆಯಲ್ಲಿ ಬಂದವರಿಗೆ ಮಾತ್ರ ಈ ಪರೀಕ್ಷೆ. ಕ್ಯಾಬಿನ್ನಿನಲ್ಲಿ ಬಂದವನನ್ನು ಕಾಯಿದೆ ವಲಸೆಗಾರನೆಂದೇ ಎಣಿಸುತ್ತಿರಲಿಲ್ಲ! ಟಿಕೇಟಿನ ದರದ ಮೇಲೆ ಮನುಷ್ಯ ಬೇಕಾದವನೋ ಬೇಡವಾದವನೋ ಎಂದು ತೀರ್ಮಾನ. 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ಹೊಟೇಲುಗಳ ಮೇಲೆ ಮುಂಬಯಿಯಲ್ಲಿ ಕಲ್ಲು ಬಿದ್ದದ್ದನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಬೇಡವಾದವರೆನ್ನಿಸಿಕೊಳ್ಳುವುದು ಏನೆಂದು ಅವರಿಗೆ ಯಾವ ಕೋಶವೂ ತಿಳಿಸಬೇಕಾಗಿಲ್ಲ.

ಭಾರತದ 1956ರ ಕಂಪನಿ ಕಾಯಿದೆಯೂ ಈ ವಿರುದ್ಧಪದವನ್ನು ಬಳಸಿತ್ತು. ಅಂಥ ಹೆಸರಿನಲ್ಲಿ ಕಂಪನಿಯನ್ನು ನೋಂದಾಯಿಸಕೂಡದು ಎಂದಿತ್ತು. ಆದರೆ ಆ ಕರಡು ಬರೆದವರು 'ಕೇಂದ್ರ ಸರಕಾರದ ಅಭಿಪ್ರಾಯದಲ್ಲಿ' ಎಂದು ಸೇರಿಸುವಷ್ಟು ಪ್ರಾಮಾಣಿಕರಾಗಿದ್ದರು. 2013ರ ಕಾಯಿದೆಯಲ್ಲೂ ಅದು ಹಾಗೆಯೇ ಉಳಿದಿದೆ. ಯಾರಿಗೆ ಬೇಡ ಎಂದು ಅಲ್ಲಿ ಹೇಳಿದೆ. ನಮ್ಮ ಏಳನೆಯ ಪುಟದಲ್ಲಿ ಯಾರಿಗೆ ಬೇಕು ಎಂದು ಹೇಳಿಲ್ಲ.

ನಾನು ಇಷ್ಟು ಬಿಸಿಯಾಗಲು ಕಾರಣ ನಿಯಮಾವಳಿ ಒಂದೇ ಅಲ್ಲ. 1986ರಲ್ಲಿ ನಮ್ಮ ಮಗ ಒಂದನೆಯ ತರಗತಿಯಲ್ಲಿದ್ದಾಗ ಅವನ ಶಾಲೆಯಿಂದ ಒಂದು ಸುತ್ತೋಲೆ ಬಂತು. 'ಮನೆಯಲ್ಲಿಯೂ ಮಕ್ಕಳೊಡನೆ ಇಂಗ್ಲಿಷಿನಲ್ಲೇ ಮಾತನಾಡುವುದು ಡಿಸೈರಬಲ್' ಎಂದು ಅದರಲ್ಲಿತ್ತು. ಹೆಡ್ ಕ್ಲಾರ್ಕರ ಪಾಠವನ್ನು ನಾನು ಮರೆತಿರಲಿಲ್ಲ. ಶಾಲೆಯಲ್ಲಿ ಒಂದೊಂದು ಸೀಟಿಗೆ ಎಷ್ಟು ಮಂದಿ ಕಾಯುತ್ತಿದ್ದಾರೆಂಬುದೂ ಗೊತ್ತಿತ್ತು. ಆದ್ದರಿಂದ ಅದನ್ನು 'ಎಸೆನ್ಶಿಯಲ್' ಎಂದೇ ಓದಿಕೊಂಡೆ. ನನ್ನ ಮುರುಕು ಇಂಗ್ಲಿಷಿನಲ್ಲಿ ಮಗನನ್ನು ಗದರಿಸುತ್ತ, ಮುದ್ದಿಸುತ್ತ ನಾಲ್ಕು ವರ್ಷ ಕಳೆದೆ. ಹೆಂಡತಿ ಮಾತ್ರ ಒಪ್ಪಲಿಲ್ಲ. ಅಡಿಗೆಮನೆಯ ಹೊಸಲಿನಿಂದ ಒಳಗೆ ಅವಳ ಕುಂದಾಪುರದ ಕನ್ನಡವೇ ನಡೆಯಿತು. ಹುಡುಗನ ಬಾಯಲ್ಲಿ ಇವತ್ತು ಏನು ಕನ್ನಡವಿದೆಯೋ ಅದು ಆ ಹೊಸಲಿನ ಒಳಗಿನದು. ಅಕ್ಷರವಿಲ್ಲ.

ನನ್ನ ತಾಯಿ ಊರಿನಿಂದ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದರು. ನಾಲ್ಕನೆಯ ಇಯತ್ತೆಯ ಓದು, ಗುಂಡು ಗುಂಡಾದ ಅಕ್ಷರ, ಮಡಿಸುವ ಅಂಚಿನವರೆಗೂ ತುಂಬಿರುತ್ತಿತ್ತು. ಪ್ರತಿ ಪತ್ರದ ಕೊನೆಗೆ ಒಂದೇ ಸಾಲು: 'ಮಾಣಿಗೆ ಓದಿ ಹೇಳು.' ನಾನು ಓದಿ ಹೇಳುತ್ತಿದ್ದೆ, ಪುರಸೊತ್ತಿದ್ದಾಗ. ಅವರು 2003ರಲ್ಲಿ ತೀರಿಕೊಂಡರು. ಎಪ್ಪತ್ತಕ್ಕೂ ಹೆಚ್ಚು ಪತ್ರಗಳು ಒಂದು ಬಿಸ್ಕೀಟಿನ ಡಬ್ಬದಲ್ಲಿವೆ. ನಲವತ್ತೈದರ ಆಸುಪಾಸಿನ ನನ್ನ ಮಗ ಅವನ್ನು ಹಿಡಿದು ನೋಡುತ್ತಾನೆ, ಹಸ್ತಾಕ್ಷರ ಚೆನ್ನಾಗಿದೆ ಎನ್ನುತ್ತಾನೆ, ತಿರುಗಿ ಇಡುತ್ತಾನೆ. ಇದಕ್ಕೆ ಶಾಲೆಯನ್ನು ದೂರಿ ಪ್ರಯೋಜನವಿಲ್ಲ. ಸುತ್ತೋಲೆಯಲ್ಲಿದ್ದ ಶಬ್ದಕ್ಕೆ 'ಯಾರಿಗೆ?' ಎಂದು ಕೇಳದೆ ಹೋದವನು ನಾನು.

ತಿದ್ದುಪಡಿಯನ್ನು ಬೆಂಬಲಿಸುವವರಲ್ಲಿ ನನ್ನ ಮಗನೂ ಒಬ್ಬ. ಇದನ್ನು ಮುಚ್ಚಿಟ್ಟು ಬರೆದರೆ ಅನ್ಯಾಯವಾದೀತು. ರಕ್ತದಾನ ಶಿಬಿರಕ್ಕೆ ಅವನೇ ಓಡಾಡುತ್ತಾನೆ, ಆಟೋಟದ ದಿನ ಬೆಳಿಗ್ಗೆ ಐದಕ್ಕೆ ಮೈದಾನದಲ್ಲಿರುತ್ತಾನೆ, ಸಂಘದ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿದವನೂ ಅವನೇ. 'ಅಪ್ಪಯ್ಯ, ದುಡಿಯಲಿಕ್ಕೆ ನಾವು ಬೇಕು, ಕುರ್ಚಿಗೆ ಬೇಡ ಅಂತಲಾ?' ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಅವನ ಓರಗೆಯವರಲ್ಲಿ ಕನ್ನಡ ಓದಬಲ್ಲವರು ಬೆರಳೆಣಿಕೆಯಷ್ಟು. ಮನೆಯಲ್ಲಿ ತುಳು ಅಥವಾ ಕೊಂಕಣಿ ಆಡುವ ಕುಟುಂಬಗಳೂ ನಮ್ಮಲ್ಲಿ ಅನೇಕ. ಅವರಿಗೆ ಬಾಗಿಲು ಹಾಕಿ ಕುಳಿತರೆ ಇನ್ನು ಹತ್ತು ವರ್ಷದಲ್ಲಿ ಸಂಘದ ಬೀಗದ ಕೈಯನ್ನು ಯಾರ ಕೈಯಲ್ಲಿ ಕೊಡುವುದು? ಹಳೆಯ ನಿಯಮವನ್ನು ಹಾಗೆಯೇ ಉಳಿಸಿ ಎಂದು ಎದೆ ತಟ್ಟುವ ನಮ್ಮ ಕೆಲವು ಹಿರಿಯರು ಇದಕ್ಕೆ ಉತ್ತರ ಹೇಳಿಲ್ಲ. ಅವರ ಮೊಮ್ಮಕ್ಕಳಿಗೂ ಅಕ್ಷರ ಬಾರದು. ಬೇರೆಯವರ ಮಕ್ಕಳಿಗೆ ಅವಶ್ಯಕ, ತಮ್ಮವರಿಗೆ ಅಪೇಕ್ಷಣೀಯ!

ಆದರೂ 'ಡಿಸೈರಬಲ್' ಇದಕ್ಕೆ ಮದ್ದಲ್ಲ. ಸರಕಾರಗಳ ಮುಂದೆ ನಾವು ಏನು ದೂರು ಒಯ್ಯುತ್ತೇವೆ ನೆನಪಿಸಿಕೊಳ್ಳಿರಿ. 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎಂಬುದು ಅದರ ಸಾರ. ಪ್ರಯತ್ನ! ಆ ಮೆತ್ತನೆಯ ಶಬ್ದವನ್ನು ಹಿಡಿದು ಎಷ್ಟು ಮನವಿಗಳನ್ನು ಬರೆದಿಲ್ಲ ನಾವು! 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಿ ಎಂದಿತು, ಆದರೆ 'ಸಾಧ್ಯವಿರುವಲ್ಲೆಲ್ಲ' ಎಂದು ಮುಂದೊಂದು ಮಾತು ಇಟ್ಟಿತು. ಅದನ್ನೂ ನಾವು ಟೀಕಿಸಿದೆವು. ಪರರ ಕಡತದಲ್ಲಿ ಮೆತ್ತನೆಯ ಶಬ್ದ ಕಂಡರೆ ಕೆಂಡವಾಗುವ ನಾವು ನಮ್ಮದೇ ಕಡತದಲ್ಲಿ ಅದಕ್ಕಿಂತ ಮೆತ್ತನೆಯದನ್ನು ತಂದು ಕೂರಿಸುವುದು ಯಾವ ಬಾಯಿಂದ?

ನನ್ನ ಸೂಚನೆ ಹೀಗಿದೆ. 'ಸಮಿತಿಯ ಸದಸ್ಯರಿಗೆ ಕನ್ನಡ ಓದು ಬರಹ ಬರಬೇಕು. ಬಾರದವರೂ ಚುನಾವಣೆಗೆ ನಿಲ್ಲಬಹುದು. ಆಯ್ಕೆಯಾದ ಒಂದು ವರ್ಷದೊಳಗೆ ಕಲಿಯತಕ್ಕದ್ದು. ಕಲಿಸುವ ವ್ಯವಸ್ಥೆಯನ್ನು ಸಂಘವೇ ಮಾಡತಕ್ಕದ್ದು.' ಬೇಕು, ಬಹುದು, ತಕ್ಕದ್ದು, ಮೂರಕ್ಕೂ ಅರ್ಥ ಒಂದೊಂದೇ. ಒಂದು ವರ್ಷ ಹೆಚ್ಚೇ ಆಯಿತು. ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಮರಾಠಿ, ಹಿಂದಿ ಓದಲು ಬರುತ್ತದೆ. ಕ ಖ ಗ ಘ ಎಂಬ ಸಾಲು, ಒತ್ತಕ್ಷರ, ಕಾಗುಣಿತದ ಕ್ರಮ ಎಲ್ಲವೂ ತಿಳಿದಿದೆ. ಹೊಸದಾಗಿ ಕಲಿಯಬೇಕಾದದ್ದು ಆಕಾರಗಳನ್ನು, ಮತ್ತೆ ನಮ್ಮಲ್ಲಿ ಎ, ಒ ಎಂಬುವಕ್ಕೆ ಹ್ರಸ್ವವೂ ಉಂಟೆಂಬುದನ್ನು. ಹಗಲೆಲ್ಲ ಲೋಟ ತೊಳೆದು, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಓದಿ ಪಾಸಾದ ಹುಡುಗರಿದ್ದ ಊರು ಇದು. ಎ.ಸಿ. ಕಚೇರಿಯಲ್ಲಿ ಕುಳಿತವರಿಗೆ ಮೂರು ತಿಂಗಳ ಭಾನುವಾರಗಳು ಸಾಕೆಂದು ನನ್ನ ಅಂದಾಜು. ಪಾಠ ಹೇಳಲು ನಾನು ಸಿದ್ಧ. ಸಂಘದ ಚಿಕ್ಕ ಕೋಣೆ ಭಾನುವಾರ ಬೆಳಿಗ್ಗೆ ಖಾಲಿಯೇ ಇರುತ್ತದೆ. ಕರಿಹಲಗೆಯ ಮುಂದೆ ಪೇರಿಸಿಟ್ಟ ಕುರ್ಚಿಗಳನ್ನು ತೆಗೆಸಿಕೊಟ್ಟರೆ ಆಯಿತು.

ಇದನ್ನು ಮಹಾಸಭೆಯಲ್ಲಿ ತಿದ್ದುಪಡಿಗೊಂದು ತಿದ್ದುಪಡಿಯಾಗಿ ಮಂಡಿಸಲಿದ್ದೇನೆ. ಅನುಮೋದಕರೊಬ್ಬರು ಬೇಕು, ನನಗೆ. ಮಗನನ್ನು ಕೇಳಿದೆ, ಯೋಚಿಸಿ ಹೇಳುತ್ತೇನೆ ಎಂದಿದ್ದಾನೆ. ಅಷ್ಟರಲ್ಲಿ ಬೇರೆ ಯಾರಾದರೂ ಮನಸ್ಸು ಮಾಡಿದರೆ ಸಂಘದ ಕಚೇರಿಗೆ ಒಂದು ಚೀಟಿ ಬರೆದು ಕಳುಹಿಸಿರಿ. ಇಂಗ್ಲಿಷಿನಲ್ಲಿ ಬರೆದರೂ ಓದುತ್ತೇನೆ.